ಪಗಾರ ಏರಿದರೆ ಹೋಗುವ ಕಾರ್ಡು

ಹೋದ ವಾರ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಹುಬ್ಬಳ್ಳಿಯಿಂದ ಬೆಳಗಾವಿಗೆ ಬಂದಿದ್ದೆ. ಅಕ್ಕನ ಮನೆ ಶಿವಬಸವ ನಗರದಲ್ಲಿ. ಮರುದಿನ ಖಾನಾಪುರ ರಸ್ತೆಯ ಕಡೆ ಸ್ವಲ್ಪ ಕೆಲಸವಿತ್ತು. ರಿಕ್ಷಾ ಉದ್ಯಮಬಾಗದ ಹತ್ತಿರ ಬಂದಾಗ ಜಿಟಿಜಿಟಿ ಮಳೆಯೊಳಗಿಂದ ಆ ವಾಸನೆ ಬಂತು. ಸುಟ್ಟ ರಾಳದ್ದು, ಕಾದ ಉಸುಕಿನದ್ದು, ತುಸು ಕಹಿ, ಗಂಟಲಿಗೆ ಅಂಟಿ ಕೂರುವಂಥದ್ದು. ರಿಕ್ಷಾದವನು ಮೂಗಿಗೆ ಕರವಸ್ತ್ರ ಹಿಡಿದ. ನನಗೆ ಹೋದ ವರ್ಷದ ಮಳೆಗಾಲ ಇದ್ದಕ್ಕಿದ್ದಂತೆ ಎದ್ದು ಬಂತು.

ಆಗ ನಾನು ಅಲ್ಲಿಯ ಒಂದು ಫೌಂಡ್ರಿಯಲ್ಲಿ ಉಸುಕು ಪರೀಕ್ಷಿಸುವ ಕೆಲಸದಲ್ಲಿದ್ದೆ. ಪಂಪಿನ ಭಾಗಗಳು, ಟ್ರ್ಯಾಕ್ಟರಿನ ಭಾಗಗಳು ಅಲ್ಲಿ ಎರಕವಾಗುತ್ತಿದ್ದವು. ಎರಕದ ಒಳಗೆ ಎಲ್ಲಿ ಟೊಳ್ಳು ಬೇಕೋ ಅಲ್ಲಿ ಇಡಲು ಉಸುಕಿನದೇ ಗಟ್ಟಿ ತುಂಡೊಂದನ್ನು ಮೊದಲು ಮಾಡಿಕೊಳ್ಳಬೇಕು. ಅದಕ್ಕೆ ಕೋರ್ ಎನ್ನುತ್ತಾರೆ. ಕೋರ್ ವಿಭಾಗದಲ್ಲಿದ್ದವರು ಹೆಚ್ಚಾಗಿ ಹೆಂಗಸರು. ಬೆಳಗಾವಿಯ ಮಳೆ ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ; ಗೋಡೆ, ಬಟ್ಟೆ, ಹಾಸಿಗೆ ಎಲ್ಲವೂ ತೇವ. ಕೋರ್ ಆ ತೇವ ಹೀರಿದರೆ ಕಾದ ಕಬ್ಬಿಣ ಬಿದ್ದಾಗ ಒಳಗೇ ಆವಿ ಎದ್ದು ಎರಕದಲ್ಲಿ ತೂತು ಬೀಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅವರು ನನ್ನ ಕೊಠಡಿಗೆ, ನಾನು ಅವರ ವಿಭಾಗಕ್ಕೆ ದಿನವಿಡೀ ಓಡಾಡುತ್ತಿದ್ದೆವು.

ಆ ವಿಭಾಗಕ್ಕೆ ಎಲ್ಲರಿಗಿಂತ ಹಳಬಳು ಪಾರ್ವತಕ್ಕ. ಖಾನಾಪುರದವಳು. ನಸುಕಿನಲ್ಲೆದ್ದು ಭಾಕರಿ ಬಡಿದು, ಬಸ್ ಹಿಡಿದು, ಉಳಿದವರು ಬರುವಷ್ಟರಲ್ಲಿ ಕೋರ್ ಬೇಯಿಸುವ ಒಲೆ ಹೊತ್ತಿಸಿರುತ್ತಿದ್ದಳು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ನನ್ನನ್ನು ತಂಗಿಯಂತೆ ಕಂಡವಳು. ಊಟದ ಹೊತ್ತಿಗೆ ನನ್ನ ಡಬ್ಬಿ ತೆರೆದು ನೋಡಿ, 'ಇಷ್ಟ ತಿಂದ್ರ ಹೆಂಗ ನಡೀತೈತಿ' ಎಂದು ತನ್ನ ಕಡಲೆಹಿಟ್ಟಿನ ಝುಣಕಾ ಸುರಿಯುತ್ತಿದ್ದಳು.

ಜೂನ್‌ನಲ್ಲಿ, ಮಳೆ ಹಿಡಿದ ಹೊಸತರಲ್ಲಿ, ಆ ವಿಭಾಗದ ಸುಪರ್‌ವೈಜರ್ ನಿವೃತ್ತರಾದರು. ಮಾಲಕರು ಪಾರ್ವತಕ್ಕನನ್ನು ಕರೆಸಿ ಆ ಜಾಗ ನಿನಗೇ ಎಂದರು. ಆ ಕಾರ್ಖಾನೆಯಲ್ಲಿ ಅಲ್ಲಿಯವರೆಗೆ ಹೆಣ್ಣುಮಗಳೊಬ್ಬಳು ಸುಪರ್‌ವೈಜರ್ ಆದದ್ದಿರಲಿಲ್ಲ. ಸುದ್ದಿ ಕೇಳಿ ಹೆಂಗಸರೆಲ್ಲ ಕೂಡಿ ಬಾಯಿ ಸಿಹಿಗೆಂದು ಕುಂದಾ ತರಿಸಿದರು. ಉಸುಕು ಸೋಸುವ ಗುತ್ತಿಗೆ ಕೆಲಸದ ಹಸೀನಾ ಪಾರ್ವತಕ್ಕನ ತಲೆಗೆ ನಿವೃತ್ತರಾದವರ ಹೆಲ್ಮೆಟ್ಟು ಇಟ್ಟು, ಎರಡು ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಪಾರ್ವತಕ್ಕ ನಕ್ಕಳು. ಆದರೆ ತನ್ನ ಪಾಲಿನ ಕುಂದಾ ತಿನ್ನಲಿಲ್ಲ. ಸಂಜೆ ಒಂದೇ ಕೊಡೆಯಲ್ಲಿ ಬಸ್ ಸ್ಟಾಪಿಗೆ ನಡೆಯುವಾಗ ಕೇಳಿದೆ.

"ಯಾಕಕ್ಕಾ, ಒಂದ ತುಣುಕಾನೂ ಬಾಯಾಗ ಹಾಕ್ಕೊಳ್ಳಲಿಲ್ಲ?"

"ಪಗಾರ ಎಷ್ಟ ಆಗತೈತಿ ಗೊತ್ತೈತೇನ ನಿನಗ?"

"ಚಲೋನ ಆಗತೈತಿ."

"ಅದಽ ಮತ್ತ," ಎಂದಳು. "ಚಲೋ ಆದ್ರ ಕಾರ್ಡ ಹೋಗತೈತಿ."

ಯಾವ ಕಾರ್ಡೆಂದು ನಾನು ಕೇಳಬೇಕಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳ ಗಂಡ ಮಾರುತಿಯ ಎರಡೂ ಕಿಡ್ನಿ ಕೆಟ್ಟಿದ್ದವು. ಪಾರ್ವತಕ್ಕ ತನ್ನದೊಂದನ್ನು ಕೊಟ್ಟಳು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆ, ಎಲ್ಲವನ್ನೂ ನಡೆಸಿದ್ದು ಅವಳ ಕಾರ್ಮಿಕ ವಿಮೆಯ ಕಾರ್ಡು. ಆದರೆ ಕೂಡಿಸಿದ ಕಿಡ್ನಿಯನ್ನು ಮೈ ತನ್ನದಲ್ಲವೆಂದು ಒದ್ದು ಹಾಕದಂತೆ ಮುಂಜಾನೆ, ಸಂಜೆ ಗುಳಿಗೆ ನುಂಗಬೇಕು. ಒಂದು ತಿಂಗಳಲ್ಲ, ಒಂದು ವರ್ಷವಲ್ಲ, ಬದುಕಿರುವ ತನಕ. ಆ ದುಬಾರಿ ಗುಳಿಗೆಗಳು ಪ್ರತಿ ತಿಂಗಳು ಬೆಳಗಾವಿಯ ವಿಮಾ ದವಾಖಾನೆಯಲ್ಲಿ ಕಾರ್ಡಿನ ಮೇಲೆ ಸಿಗುತ್ತಿದ್ದವು. ಕಾರ್ಡಿಗೆ ಪಗಾರದ ಮಿತಿಯೊಂದಿದೆ. ಅದನ್ನು ದಾಟಿದವನು ಆಗ ನಡೆದಿರುವ ಆರು ತಿಂಗಳ ವಿಮಾ ಅವಧಿ ಮುಗಿದ ಮೇಲೆ ವಿಮೆಯಿಂದ ಹೊರಗೆ. ನಮ್ಮಲ್ಲಿ ಬಡ್ತಿಯ ಹೊತ್ತು ಬಂದಾಗ ಎದೆ ಝಲ್ಲೆನ್ನಿಸಿಕೊಂಡ ಗಂಡಸರನ್ನೂ ನಾನು ಕಂಡಿದ್ದೆ. ದಾಟಿದ ಪಗಾರ ದೊಡ್ಡದೇನೂ ಆಗಿರುತ್ತಿರಲಿಲ್ಲ, ಹೊರಗೆ ಗುಳಿಗೆ ಕೊಳ್ಳುವಷ್ಟಂತೂ ಅಲ್ಲ.

ಅದೇ ಮಳೆಗಾಲ ಎಲ್ಲರ ಬಾಯಲ್ಲೂ ಹೊಸ ಕಾನೂನು. ಪಾರ್ಲಿಮೆಂಟಿನಲ್ಲಿ ಯಾವಾಗಲೋ ಪಾಸಾಗಿ, ಜಾರಿಗೆ ಬಾರದೆ ವರ್ಷಗಟ್ಟಲೆ ಕುಳಿತಿದ್ದ ಕಾರ್ಮಿಕ ಕಾನೂನುಗಳು ಈ ಸಲ ಬಂದೇ ಬರುತ್ತವೆ ಎಂಬ ಮಾತು ಗೇಟಿನ ಚಹಾದಂಗಡಿಯಿಂದ ಹಿಡಿದು ಖಾನಾಪುರದ ಬಸ್ಸಿನವರೆಗೆ ಹಬ್ಬಿತ್ತು. ಒಬ್ಬ ಮಿತಿ ಏರಿಸುತ್ತಾರೆ ಎನ್ನುತ್ತಿದ್ದ, ಇನ್ನೊಬ್ಬ ವಿಮೆಯನ್ನೇ ತೆಗೆಯುತ್ತಾರೆ ಎನ್ನುತ್ತಿದ್ದ, ಮೂರನೆಯವನು ಕೈಗೆ ಬರುವ ಪಗಾರ ಇಳಿಯುತ್ತದೆ ಎಂದು ಹೆದರಿಸುತ್ತಿದ್ದ. ಹಸೀನಾ ಮಾತ್ರ ಖುಷಿಯಲ್ಲಿದ್ದಳು. ಅವಳ ಗುತ್ತಿಗೆದಾರ ಅವಳಿಗೆ ಕಾರ್ಡು ಮಾಡಿಸಿರಲೇ ಇಲ್ಲ. "ಈಗ ನಮಗೂ ಕಾರ್ಡ್ ಬರತೈತಂತಲ್ರೀ, ಖರೇನ?" ಎಂದು ಕಂಡವರನ್ನೆಲ್ಲ ಕೇಳುತ್ತಿದ್ದಳು. ನಾನು ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಓದಿದಷ್ಟೂ ತಲೆ ಕೆಡುತ್ತಿತ್ತು.

ಕಡೆಗೆ ಪಾರ್ವತಕ್ಕನನ್ನು ಕರೆದುಕೊಂಡು ಆಫೀಸಿನ ಕುಲಕರ್ಣಿ ಸರ್ ಹತ್ತಿರ ಹೋದೆ. ಕಾರ್ಖಾನೆಯ ಪಗಾರ, ವಿಮೆ, ರಜೆ ಎಲ್ಲವೂ ಅವರ ಕೈಯಲ್ಲಿ. ಒಳ್ಳೆಯ ಮನುಷ್ಯ, ತಿಳಿಯದ್ದನ್ನು ತಿಳಿಯದೆಂದು ಹೇಳುವವರು.

"ಹೊಸ ಕಾನೂನಿನಾಗ ಪಗಾರ ಅಂದ್ರೇನು ಅನ್ನೋದನ್ನ ಬ್ಯಾರೆ ಥರಾ ಬರದಾರವಾ," ಎಂದರು. "ಮೂಲ ಪಗಾರ, ತುಟ್ಟಿಭತ್ತೆ ಇಷ್ಟು ಲೆಕ್ಕಕ್ಕ. ಮನಿ ಬಾಡಿಗಿದು, ಬಸ್ಸಿಂದು, ಅಂಥಾವೆಲ್ಲಾ ಒಂದು ಮಟ್ಟದ ತನಕಾ ಲೆಕ್ಕಕ್ಕಿಲ್ಲ. ಹಂಗಾದ್ರ ನಿನಗ ಅನುಕೂಲ ಆಗಬಹುದು. ಆದ್ರ ಅದು ಇನ್ನೂ ಜಾರಿ ಆಗಿಲ್ಲ."

"ಯಾವಾಗ ಆಗತೈತ್ರಿ?"

"ನಾಳೆನೂ ಆಗಬಹುದು. ಇನ್ನೂ ಐದು ವರ್ಷ ಆಗದೇನೂ ಇರಬಹುದು."

ಪಾರ್ವತಕ್ಕ ಸೆರಗಿನಿಂದ ಕೈಯ ಉಸುಕು ಒರೆಸಿಕೊಂಡಳು. "ಸರ್, ನಾ ಬ್ಯಾರೆ ಏನೂ ಕೇಳೂದಿಲ್ಲ. ಅದು ಬಂದ ದಿನಾ ನನ್ನ ಕಾರ್ಡ ಇರತೈತೋ ಇಲ್ಲೋ? ಅಷ್ಟ ಹೇಳ್ರಿ."

ಕುಲಕರ್ಣಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇರ್ತದ ಅಂತ ನಾ ಇವತ್ತ ಹೇಳಿದ್ರ, ನಾಳೆ ಮಾರುತಿ ಮುಂದ ನಿಂತು ನಾ ಏನು ಹೇಳ್ಲಿ? ನನಗ ಗೊತ್ತಿಲ್ಲವಾ."

ಮಾಲಕರು ಕೆಟ್ಟವರೇನಲ್ಲ. ಕಾರ್ಡು ಹೋದರೆ ಖಾಸಗಿ ಪಾಲಿಸಿ ಮಾಡಿಸಿಕೊಡೋಣ ಎಂದು ಏಜೆಂಟನೊಬ್ಬನನ್ನು ಕರೆಸಿದರು. ಅವನು ಪಟಪಟನೆ ಮಾತಾಡಿದ. ಆಸ್ಪತ್ರೆಗೆ ಸೇರಿದರೆ ಇಷ್ಟು, ಆಪರೇಷನ್ ಆದರೆ ಇಷ್ಟು. ಪಾರ್ವತಕ್ಕ ಎಲ್ಲ ಕೇಳಿಸಿಕೊಂಡು, "ದಿನಾ ತಗೊಳ್ಳೋ ಗುಳಿಗಿಗೆ?" ಎಂದಳು. ಅದಕ್ಕೆ ಬರುವುದಿಲ್ಲ ಎಂದ.

"ಹಾಸಿಗಿ ಹಿಡದ್ರ ಕೊಡತೀರಿ. ಹಾಸಿಗಿ ಹಿಡೀಬಾರದಂತ ನುಂಗೋ ಗುಳಿಗಿಗೆ ಕೊಡೂದಿಲ್ಲ. ಹೌದಲ್ರಿ?" ಎಂದಳು. ಏಜೆಂಟ ಒಳ್ಳೆಯ ಹುಡುಗ. ನಾಚಿಕೆಯಿಂದ ತಲೆಯಾಡಿಸಿ ಚಹಾ ಕುಡಿದು ಹೋದ. ಗಣಪತಿ ಹಬ್ಬದೊಳಗೆ ಹೂಂ ಅಥವಾ ಉಹೂಂ ಹೇಳು ಎಂದು ಮಾಲಕರು ಗಡುವು ಕೊಟ್ಟರು.

ಆ ವಾರಗಳಲ್ಲಿ ನನಗೆ ನಿದ್ದೆ ಸರಿ ಬರುತ್ತಿರಲಿಲ್ಲ. ಗಡುವು ಅವಳದು, ಚಡಪಡಿಕೆ ನನ್ನದು. ಅವಳು ಆ ಜಾಗಕ್ಕೆ ಹೋಗಲೇಬೇಕು ಎಂದು ಮುಂಜಾನೆ ಅನ್ನಿಸುತ್ತಿತ್ತು. ಮಧ್ಯಾಹ್ನ ಅವಳು ಒಲೆಯ ಮುಂದೆ ಬಗ್ಗಿದಾಗ ಪಕ್ಕೆಯಲ್ಲಿ ಕೈ ಒತ್ತಿ ಹಿಡಿಯುವುದನ್ನು ಕಂಡು, ಬೇಡ, ಕಾರ್ಡೇ ಇರಲಿ ಎನ್ನಿಸುತ್ತಿತ್ತು. ಅವಳೆದುರು ಎರಡನ್ನೂ ಹೇಳಲಾರದೆ ಉಸುಕಿನ ತೇವದ ಮಾತಾಡುತ್ತಿದ್ದೆ.

ಆಗಸ್ಟಿನಲ್ಲಿ ಮಳೆ ವಿಪರೀತವಾಯಿತು. ಒಂದು ದಿನ ಮಲಪ್ರಭಾ ಏರುತ್ತಿದ್ದಾಳೆಂದು ಖಾನಾಪುರದವರನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು. ಬಸ್ ತಪ್ಪೀತೆಂದು ಪಾರ್ವತಕ್ಕ ಓಡಿದಳು. ಅವತ್ತು ಬೆಳಿಗ್ಗೆಯಷ್ಟೇ ದವಾಖಾನೆಯಿಂದ ತಂದಿದ್ದ ತಿಂಗಳ ಗುಳಿಗೆಗಳ ಚೀಲ ಕಾರ್ಖಾನೆಯ ಅವಳ ಕಪಾಟಿನಲ್ಲೇ ಉಳಿಯಿತು. ಮರುದಿನ ರಸ್ತೆಯ ಮೇಲೆ ನೀರು, ಬಸ್ ಬಂದ್. ಅವಳ ಫೋನ್ ಬಂತು.

"ಸುಜಾತಾ, ಇವತ್ತ ಮುಂಜಾನಿದು ತಗೊಂಡಾರ. ಸಂಜೀಗಿ ಇಲ್ಲ. ಇಲ್ಲಿ ಎಲ್ಲಾ ಅಂಗಡಿ ಕೇಳಿದ್ನಿ. ಅದು ಇಲ್ಲಿ ಸಿಗೂದಿಲ್ಲ ಯವ್ವಾ."

ಕುಲಕರ್ಣಿ ಸರ್ ಕಪಾಟು ತೆಗೆಸಿಕೊಟ್ಟರು. ರೈಲು ಇನ್ನೂ ಓಡುತ್ತಿತ್ತು. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರೇನ್‌ಕೋಟಿನೊಳಗೆ ಎದೆಗವಚಿಕೊಂಡು ಹತ್ತಿದೆ. ದೇಸೂರು ದಾಟಿದ ಮೇಲೆ ಗದ್ದೆಯ ಬದುಗಳೇ ಕಾಣುತ್ತಿರಲಿಲ್ಲ. ಎಲ್ಲ ಒಂದೇ ಕೆಂಪು ನೀರು. ರೈಲು ನಡುದಾರಿಯಲ್ಲಿ ನಿಂತಿತು. ಮುಂದೆ ಹಳಿಯ ಬಾಜೂ ಮಣ್ಣು ಜರಿದಿದೆ, ನೋಡುತ್ತಿದ್ದಾರೆ ಎಂದರು. ಎದುರಿಗೆ ಕುಳಿತ ಮುದುಕಿ ಹುರಿದ ಶೇಂಗಾ ಕೊಟ್ಟಳು, ಕೈಯಲ್ಲಿ ಹಿಡಿದುಕೊಂಡೇ ಕುಳಿತೆ. ಬಾಗಿಲಿಗೆ ಹೋಗಿ ನೋಡುವುದು, ಬಂದು ಕೂರುವುದು, ಮತ್ತೆ ಹೋಗುವುದು. ಒಂದು ಹೊತ್ತಿನ ಗುಳಿಗೆ ತಪ್ಪಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಏನೇನೋ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೂ ರೈಲು ಅಲುಗಾಡಿತು, ನಡೆಯುವವರಿಗಿಂತ ನಿಧಾನ.

ಸ್ಟೇಶನ್ನಿನಲ್ಲಿ ಪಾರ್ವತಕ್ಕ ಕೊಡೆಯಿಲ್ಲದೆ, ತಲೆಗೆ ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ಚೀಲ ಮುಟ್ಟಿ ನೋಡಿ ಆಮೇಲೆ ನನ್ನ ಕೆನ್ನೆ ಮುಟ್ಟಿದಳು.

ಮನೆಯ ಪಡಸಾಲೆ ತುಂಬ ಗಣಪತಿಗಳು. ಮಾರುತಿ ಮಾಮಾ ಹೆಂಚಿನ ಭಟ್ಟಿಯಲ್ಲಿ ದುಡಿದವನು, ಮಳೆಗಾಲದಲ್ಲಿ ಗಣಪತಿ ಮಾಡುವವನು. ಕಿಡ್ನಿ ಕೂಡಿಸಿದ ಮೇಲೆ ಹಸಿ ಮಣ್ಣು ಮುಟ್ಟಬೇಡ, ಸೋಂಕು ಹತ್ತೀತು ಎಂದು ಡಾಕ್ಟರು ಹೇಳಿದ್ದರು. ಈಗ ಅವನ ತಮ್ಮ ಮಾಡಿ ಒಣಗಿಸಿ ತಂದಿಟ್ಟವಕ್ಕೆ ಅವನು ಬಣ್ಣ ಮಾತ್ರ ಹಚ್ಚುತ್ತಿದ್ದ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಗೋಡೆಗೆ ಒರಗಿ ಕುಳಿತು. ನನ್ನನ್ನು ಕಂಡು ಏಳಹೋದ.

"ಬರ್ರಿ ತಂಗೀ, ಕುಂದರ್ರಿ. ಇಂಥಾ ಮಳ್ಯಾಗ ನಮ್ಮ ಸಲುವಾಗಿ ಬಂದ್ರಿ."

ಪಾರ್ವತಕ್ಕ ಚಹಾ ಕಾಸಲು ಒಳಗೆ ಹೋದಳು. ಅವನು ಕುಂಚ ನೀರಿಗೆ ಅದ್ದಿ ದನಿ ತಗ್ಗಿಸಿದ.

"ಖರೇ ಹೇಳ್ರಿ. ಮಾಲಕ್ರು ಇಕಿನ್ನ ಸುಪರ್‌ವೈಜರ್ ಮಾಡತೇನಂದ್ರ ಬ್ಯಾಡ ಅನ್ನಾಕತ್ತಾಳಂತ? ಬಸ್ಸಿನಾಗ ಅಡ್ಡಾಡೋ ಮಂದಿ ಹೇಳಿದ್ರು. ಮನ್ಯಾಗ ಒಂದ ಮಾತ ಆಡಿಲ್ಲ."

ನಾನು ಏನು ಹೇಳಲೆಂದು ಹುಡುಕುವಷ್ಟರಲ್ಲಿ ಪಾರ್ವತಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು. "ಹೌದು. ಬ್ಯಾಡ ಅಂತ ಹೇಳಾಕಿ ಅದೀನಿ. ಮುಗೀತು."

"ನನ್ನ ಸಲುವಾಗಿ ಏನ?" ಎಂದ ಮಾರುತಿ ಮಾಮಾ. "ನನ್ನ ಸಲುವಾಗಿ ಆದ್ರ ಬ್ಯಾಡ. ಡಾಕ್ಟರ್‌ಗೆ ಕೇಳಿ ಕಡಿಮಿ ರೇಟಿನ ಗುಳಿಗಿ ತಗೋತೀನಿ. ಇಲ್ಲಾಂದ್ರ ಒಂದ ಹೊತ್ತಿಂದು ಬಿಡತೀನಿ. ಏನ ಆಗತೈತಿ ನೋಡೂಣು."

"ಬಿಡಾಕ ಅದೇನ ನಿಮ್ಮ ಕಿಡ್ನಿ ಏನ್ರಿ?" ಪಾರ್ವತಕ್ಕನ ದನಿ ಏರಿತು. "ನನ್ನದೈತಿ ಅದು! ನಿಮ್ಮ ಹೊಟ್ಟ್ಯಾಗ ಇಟ್ಟೀನಿ, ಅಷ್ಟ. ಅದಕ್ಕ ಗುಳಿಗಿ ಹಾಕೂದು ಬಿಡೂದು ನಿಮ್ಮ ಕೈಯಾಗಿಲ್ಲ."

ಹೊರಗೆ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಮಾಸ್ಕಿನ ಹಿಂದೆ ಮಾರುತಿ ಮಾಮಾ ನಗುತ್ತಿರುವುದು ಅವನ ಹೆಗಲಿನಿಂದ ತಿಳಿಯಿತು. ಪಾರ್ವತಕ್ಕ ನಗಲಿಲ್ಲ. ಗುಳಿಗೆ ಬಿಡಿಸಿ ಅವನ ಅಂಗೈಗೆ ಹಾಕಿ, ನುಂಗುವತನಕ ಎದುರಿಗೇ ನಿಂತಳು.

ನೀರಿಳಿದು ಕೆಲಸಕ್ಕೆ ಬಂದ ದಿನವೇ ಮಾಲಕರಿಗೆ ಬೇಡವೆಂದು ಹೇಳಿದಳು. ಅವರಿಗೆ ನಂಬಲಾಗಲಿಲ್ಲ. ನನ್ನನ್ನು ಕರೆಸಿ, "ನೀವರ ತಿಳಿಸಿ ಹೇಳ್ರಿ, ಯಾರರ ಬಂದ ಪಗಾರ ಬ್ಯಾಡ ಅಂತಾರೇನು?" ಎಂದರು. ಕೊನೆಗೆ ಕೊಲ್ಹಾಪುರದ ಕಡೆಯ ಒಬ್ಬ ಹುಡುಗನನ್ನು ಆ ಜಾಗಕ್ಕೆ ತಂದರು. ಪಾಪ, ಮರ್ಯಾದಸ್ಥ. ಯಾವ ಒಲೆ ಎಷ್ಟು ಬಿಸಿಯಾಗುತ್ತದೆ, ಮಳೆಗೆ ಯಾವ ಮೂಲೆ ಸೋರುತ್ತದೆ ಎಂದು ಅವನಿಗೆ ಪಾರ್ವತಕ್ಕನೇ ತೋರಿಸಿಕೊಟ್ಟಳು. ಅವನು ಅವಳನ್ನು 'ತಾಯಿ' ಎನ್ನುತ್ತಿದ್ದ. ಅದು ಕೇಳಿದಾಗಲೆಲ್ಲ ನನಗೆ ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಹುಡುಗನ ಮೇಲಲ್ಲ, ಮಾಲಕರ ಮೇಲೂ ಅಲ್ಲ. ಬರುತ್ತೇನೆ ಬರುತ್ತೇನೆ ಎಂದು ಬಾರದೆ ಹೊಸ್ತಿಲಾಚೆ ನಿಂತ ಆ ಕಾನೂನಿನ ಮೇಲೆ ಇರಬೇಕು. ಅದು ಮನುಷ್ಯನಾಗಿದ್ದರೆ ಕೈ ಹಿಡಿದು ಎಳೆದು ತರುತ್ತಿದ್ದೆ. ಹುಬ್ಬಳ್ಳಿಯ ಕೆಲಸಕ್ಕೆ ಅರ್ಜಿ ಹಾಕಿದ್ದು ಆ ದಿನಗಳಲ್ಲೇ.

ಗಣಪತಿಗಳು ನೀರಿಗೆ ಹೋದವು. ದಸರಾ ಆಯಿತು, ದೀಪಾವಳಿ ಆಯಿತು. ಚಳಿ ಬಿದ್ದಿತ್ತು, ರಾಜ್ಯೋತ್ಸವದ ಬಾವುಟಗಳು ಕಂಬಗಳ ಮೇಲೆ ಇನ್ನೂ ಹಾರುತ್ತಿದ್ದವು, ಆಗ ಒಂದು ಸಂಜೆ ಎಲ್ಲರ ಮೊಬೈಲಿಗೂ ಒಟ್ಟಿಗೇ ಸುದ್ದಿ ಬಂತು. ಕಾನೂನು ಜಾರಿ. ಮುನ್ಸೂಚನೆ ಇಲ್ಲ, ಏನಿಲ್ಲ. ಮರುದಿನ ಯಾರಿಗೂ ಕೆಲಸದ ಮೇಲೆ ಮನಸ್ಸಿರಲಿಲ್ಲ. ಒಬ್ಬೊಬ್ಬರೂ ಕುಲಕರ್ಣಿ ಸರ್ ಬಾಗಿಲಲ್ಲಿ. ಅವರು ವಿಮಾ ಕಚೇರಿಗೆ ಹೋದರು, ಬಂದರು, ಮತ್ತೆ ಹೋದರು. ಕೆಲವು ದಿನ ಬಿಟ್ಟು ತಾವಾಗಿಯೇ ಕೋರ್ ವಿಭಾಗಕ್ಕೆ ಬಂದರು. ಎಂದೂ ಆ ಧೂಳಿನೊಳಗೆ ಬಾರದವರು, ಬಿಳಿ ಅಂಗಿಯಲ್ಲಿ ಒಲೆಯ ಬಾಜೂ ನಿಂತರು.

"ಪಾರ್ವತಿ, ಮಿತಿ ಏರಿಸಿಲ್ಲ. ಅದು ಇದ್ದಲ್ಲೇ ಅದ. ಆದ್ರ ಲೆಕ್ಕ ಹಿಡಿಯೋ ರೀತಿ ಬದಲಾಗ್ಯದ. ಆ ಸುಪರ್‌ವೈಜರ್ ಪಗಾರಾ ಹೊಸ ರೀತಿಲೆ ಹಿಡದ್ರ ಮಿತಿಯೊಳಗ ಬರ್ತದ. ನನಗ ತಿಳದಮಟ್ಟಿಗೆ, ನೀ ಆವಾಗ ಹೂಂ ಅಂದಿದ್ರ..." ಅಲ್ಲಿಗೆ ನಿಲ್ಲಿಸಿದರು.

ಸುತ್ತಲಿನ ಹೆಂಗಸರು ಕೈಯ ಕೆಲಸ ಬಿಟ್ಟು ನಿಂತರು. ಹಸೀನಾ ಬಾಯಿಗೆ ಸೆರಗು ಹಿಡಿದಳು. ನನಗೆ ಕಣ್ಣು ತುಂಬಿ ಬಂತು. ಪಾರ್ವತಕ್ಕ ಕೈಯಲ್ಲಿದ್ದ ಕೋರನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು.

"ಅಂದ್ರ ಈಗ ಕೊಟ್ರೂ ಕಾರ್ಡ ಇರತೈತೇನ್ರಿ?"

"ಇವತ್ತಿನ ಮಟ್ಟಿಗೆ ಇರ್ತದ. ನಾಳೆ ಮತ್ತೊಂದು ಆದೇಶ ಬಂದ್ರ ನಾ ಹೊಣಿ ಅಲ್ಲ."

"ನಾಳೆದ ನಾಳೆ ನೋಡೂಣು," ಎಂದು ಅವಳು ಅಲ್ಲಿಂದ ನೇರ ಮಾಲಕರ ಕೋಣೆಗೆ ನಡೆದಳು. ನಾನೂ ಹಿಂದೆ ಹೋದೆ. ಕಾರ್ಖಾನೆಯ ಹಿತ್ತಲಲ್ಲಿ ಹೊಸ ಕೋರ್ ಯಂತ್ರಗಳಿಗೆಂದು ಆಗ ಇನ್ನೊಂದು ಶೆಡ್ಡು ಏಳುತ್ತಿತ್ತು. ಅದಕ್ಕೆ ಸುಪರ್‌ವೈಜರ್ ಬೇಕೆಂದು ಹೊರಗೆ ಹುಡುಕುತ್ತಿದ್ದುದು ಎಲ್ಲರಿಗೂ ತಿಳಿದಿತ್ತು.

"ಹೊಸಾ ಶೆಡ್ಡ ನನಗ ಕೊಡ್ರಿ," ಎಂದಳು, ಕುಳಿತುಕೊಳ್ಳದೆ.

ಮಾಲಕರು ನನ್ನನ್ನೂ ಅವಳನ್ನೂ ನೋಡಿದರು. "ಆವಾಗ ಬಾ ಅಂದ್ರ ಬ್ಯಾಡ ಅಂದಿ."

"ಕೆಲಸಾ ಬ್ಯಾಡ ಅಂದಿಲ್ರಿ. ಕಾರ್ಡ ಹೋಗೂದು ಬ್ಯಾಡ ಅಂದ್ನಿ."

"ನಾಳೆ ಮತ್ತ ಕಾನೂನು ಬದಲಾತು ಅಂತ ತಿಳಕೋ. ಆವಾಗೇನ ಮಾಡ್ತಿ?"

"ಮತ್ತ ಇಳೀತೀನ್ರಿ. ಖಾನಾಪುರದಿಂದ ದಿನಾ ಬಸ್ ಏರತೀನಿ, ಇಳೀತೀನಿ. ರೂಢಿ ಐತಿ."

ಮಾಲಕರು ನಕ್ಕುಬಿಟ್ಟರು. ಅವಳು ನಗಲಿಲ್ಲ. ಹೂಂ ಎನ್ನುವವರೆಗೆ ಅಲ್ಲಿಂದ ಕದಲಲೂ ಇಲ್ಲ.

ಹೊಸ ವರ್ಷಕ್ಕೆ ಶೆಡ್ಡು ಶುರುವಾಯಿತು. ಹಸೀನಾಳಿಗೂ ಕಾರ್ಡು ಬಂತು. ಫೋಟೋದಲ್ಲಿ ಕಣ್ಣು ಮುಚ್ಚಿದ್ದಾಳೆಂದು ಎಲ್ಲರಿಗೂ ತೋರಿಸಿಕೊಂಡು ನಗುತ್ತ ತಿರುಗಿದಳು. ನನಗೆ ಹುಬ್ಬಳ್ಳಿಯಿಂದ ಕರೆ ಬಂತು. ನಾನು ಕೆಲಸ ಬಿಡುವ ವಾರದಲ್ಲೇ ಪಾರ್ವತಕ್ಕ ಏರಿದ ಪಗಾರ ಪಡೆದ ಮೇಲೆ ಮೊದಲ ಸಲ ಗುಳಿಗೆ ತರಲು ದವಾಖಾನೆಗೆ ಹೊರಟಿದ್ದಳು. "ನೀನೂ ಬಾ ಯವ್ವಾ," ಎಂದಳು. ಕುಲಕರ್ಣಿ ಸರ್ ನೂರು ಸಲ ಹೇಳಿದ್ದರೂ ಅವಳಿಗೆ ಕಿಟಕಿಯ ಆಚೆಯಿಂದ ಗುಳಿಗೆ ಈಚೆ ಬರುವತನಕ ನಂಬಿಕೆ ಇರಲಿಲ್ಲ. ಅವತ್ತು ಮಾರುತಿ ಮಾಮಾನೂ ಬಂದಿದ್ದ, ಇಸ್ತ್ರಿ ಅಂಗಿ, ಮಾಸ್ಕ್.

ಸಾಲು ಸರಿದು ನಮ್ಮ ಸರದಿ ಬಂತು. ಕಿಟಕಿಯ ಆಚೆಗಿದ್ದ ಹೆಣ್ಣುಮಗಳು ಕಾರ್ಡಿನ ನಂಬರು ಹೊಡೆದಳು. ಕಂಪ್ಯೂಟರು ತಿರುಗುತ್ತಲೇ ಇತ್ತು. ಪಾರ್ವತಕ್ಕ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಫ್ಯಾಕ್ಟರಿಯೊಳಗ ಏನ ಕೆಲಸ?" ಎಂದಳು ಆ ಹೆಣ್ಣುಮಗಳು, ತಲೆಯೆತ್ತದೆ.

"ಕೋರ್ ಮಾಡೂದ್ರಿ," ಎಂದಳು ಪಾರ್ವತಕ್ಕ. ದನಿ ಅವಳದೇ ಎನ್ನಿಸದಷ್ಟು ಸಣ್ಣದಾಗಿತ್ತು.

"ಸುಪರ್‌ವೈಜರ್ ಅದಾಳ್ರಿ!" ಹಿಂದಿನಿಂದ ಮಾರುತಿ ಮಾಮಾ, ಮಾಸ್ಕಿನೊಳಗಿಂದಲೇ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ. "ಸುಪರ್‌ವೈಜರ್ ಅಂತ ಬರೀರಿ."

ಪಾರ್ವತಕ್ಕ ಗಪ್ಪನೆ ಅವನ ಮಣಿಕಟ್ಟು ಹಿಡಿದಳು. ಮುಖ ಬಿಳಿಚಿತ್ತು. "ಗಪ್ಪ ನಿಂದರ್ರಿ," ಎಂದು ಹಲ್ಲು ಕಚ್ಚಿ ಹೇಳಿದಳು. ಆ ಹೆಣ್ಣುಮಗಳು ಏನನ್ನೋ ಒತ್ತಿದಳು, ಪರದೆ ನೋಡಿದಳು, ಎದ್ದು ಒಳಗೆ ಹೋದಳು. ಬಂದವಳ ಕೈಯಲ್ಲಿ ಗುಳಿಗೆಯ ಹಾಳೆಗಳಿದ್ದವು. ಕಟ್ಟೆಯ ಮೇಲೆ ಸರಿಸಿ, "ಮುಂದಿನವರು," ಎಂದಳು.

ಚೀಲಕ್ಕೆ ತುಂಬಿ, ಪಡಸಾಲೆ ದಾಟಿ, ಮೆಟ್ಟಿಲಿಳಿದರೂ ಪಾರ್ವತಕ್ಕ ಗಂಡನ ಮಣಿಕಟ್ಟು ಬಿಟ್ಟಿರಲಿಲ್ಲ. ಗೇಟಿನ ಹೊರಗೆ, ರಸ್ತೆಯ ಬಿಸಿಲಿಗೆ ಬಂದ ಮೇಲೆ ಬಿಟ್ಟಳು. ಚೀಲವನ್ನು ಹೆಗಲಿಗೇರಿಸಿ ಅವನ ಕಡೆ ತಿರುಗಿದಳು.

"ಹೂಂ, ಈಗ ಹೇಳ್ರಿ," ಎಂದಳು. "ಎಷ್ಟ ದೊಡ್ಡ ದನೀಲೆ ಹೇಳತೀರಿ, ಹೇಳ್ರಿ."